ಐದೂವರೆ ಗಂಟೆ: ಕೂಡಿಸಬೇಕೋ, ಕಳೆಯಬೇಕೋ?

ಗಲ್ಫ್‌ನಲ್ಲಿ ದುಡಿಯುವವರಿರುವ ಮನೆಗಳಲ್ಲಿ ಈ ಲೆಕ್ಕವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ರಾತ್ರಿ ಒಂಬತ್ತು ಗಂಟೆಯಾದರೆ ದುಬೈಯಲ್ಲಿ ಏಳೂವರೆ, ಜಿದ್ದಾದಲ್ಲಿ ಆರೂವರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಗೋಡೆಯ ಗಡಿಯಾರ ನೋಡಿ, "ಅವನು ಈಗ ಮಗ್ರಿಬ್‌ಗೆ ಹೋಗಿರುತ್ತಾನೆ, ಸ್ವಲ್ಪ ಹೊತ್ತು ಕಳೆದು ಫೋನ್ ಮಾಡು" ಎಂದು ಸರಿಯಾಗಿಯೇ ಹೇಳುತ್ತಾರೆ. ಆ ಅಜ್ಜಿ ಪ್ಲಸ್, ಮೈನಸ್ ಎಂಬ ಮಾತನ್ನೇ ಎತ್ತುವುದಿಲ್ಲ. "ಅವರದು ನಮಗಿಂತ ಹಿಂದೆ" ಎನ್ನುತ್ತಾರೆ, ಅಷ್ಟೆ. ಆ ಮೂರು ಪದಗಳಲ್ಲಿ ಯಾರ ಗಡಿಯಾರ, ಯಾರ ಗಡಿಯಾರಕ್ಕಿಂತ ಹಿಂದೆ ಎಂಬ ಎರಡು ಸಂಗತಿಗಳೂ ಸೇರಿವೆ.

ಕಂಪ್ಯೂಟರಿಗೆ ಇದೇ ಲೆಕ್ಕವನ್ನು ಒಪ್ಪಿಸುವಾಗ ನಾವು ಆ ಮಾತನ್ನು ಒಂದು ಚಿಹ್ನೆಗೆ ಇಳಿಸುತ್ತೇವೆ: +5:30 ಅಥವಾ -5:30. ಚಿಹ್ನೆ ಉಳಿಯುತ್ತದೆ, ಯಾರಿಗಿಂತ ಯಾರು ಎಂಬುದು ಬಿದ್ದುಹೋಗುತ್ತದೆ. ಮಸೀದಿಯ ಗೋಡೆಯಲ್ಲಿ ನಮಾಝಿನ ಸಮಯ ತೋರಿಸುವ ಡಿಜಿಟಲ್ ಬೋರ್ಡ್, ಜಮಾಅತಿನ ನಿಕಾಹ್ ನೋಂದಣಿ, ಮದ್ರಸದ ಮಕ್ಕಳ ಜನನ ದಿನಾಂಕದ ಪಟ್ಟಿ, ಇವೆಲ್ಲ ಈಗ ಕಾಗದದಿಂದ ಡೇಟಾಬೇಸ್‌ಗೆ ಹೋಗುತ್ತಿವೆ. ಈ ಕೆಲಸವನ್ನು ಬಹುತೇಕ ನಮ್ಮದೇ ಮನೆಯ ಇಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರು ಬಿಡುವಿನ ವೇಳೆಯಲ್ಲಿ ಮಾಡಿಕೊಡುತ್ತಾರೆ. ಅವರಿಗೂ, ಅವರಿಂದ ಕೆಲಸ ಮಾಡಿಸುವ ಹಿರಿಯರಿಗೂ ತಿಳಿದಿರಬೇಕಾದ ಒಂದು ವಿಷಯವನ್ನು ಈ ಸಂಚಿಕೆಯಲ್ಲಿ ವಿವರವಾಗಿ ನೋಡೋಣ.

ಮೊದಲು ಮೂಲ ಸಂಗತಿ. ಜಗತ್ತಿನ ಎಲ್ಲ ಗಡಿಯಾರಗಳನ್ನು ಅಳೆಯಲು ಯುಟಿಸಿ ಎಂಬ ಒಂದು ಸಾಮಾನ್ಯ ಗಡಿಯಾರವಿದೆ. ದಿನಬಳಕೆಯ ಮಟ್ಟಿಗೆ ಇದನ್ನು ಗ್ರೀನ್‌ವಿಚ್ ಸಮಯ ಎಂದುಕೊಂಡರೂ ನಡೆಯುತ್ತದೆ. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸೌದಿ, ಕುವೈತ್, ಕತಾರ್, ಬಹರೈನ್ ಮೂರು ಗಂಟೆ ಮುಂದೆ. ಯುಎಇ ಮತ್ತು ಒಮಾನ್ ನಾಲ್ಕು ಗಂಟೆ ಮುಂದೆ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಈ ಒಂದೇ ಸತ್ಯವನ್ನು ಎರಡು ಬಗೆಯಲ್ಲಿ ಹೇಳಬಹುದು. "ಗ್ರೀನ್‌ವಿಚ್ ಸಮಯ ಗೊತ್ತಿದೆ, ನಮ್ಮ ಸಮಯ ಬೇಕು, ಏನು ಮಾಡಬೇಕು?" ಎಂದು ಕೇಳಿದರೆ, ಐದೂವರೆ ಗಂಟೆ ಕೂಡಿಸಿ ಎಂಬುದು ಉತ್ತರ. ಆಗ ಪ್ಲಸ್. "ನಮ್ಮ ಸಮಯ ಗೊತ್ತಿದೆ, ಗ್ರೀನ್‌ವಿಚ್ ಸಮಯ ಬೇಕು" ಎಂದು ಕೇಳಿದರೆ, ಐದೂವರೆ ಗಂಟೆ ಕಳೆಯಿರಿ ಎಂಬುದು ಉತ್ತರ. ಆಗ ಮೈನಸ್. ಎರಡೂ ಸರಿ. ಪ್ರಶ್ನೆ ಬೇರೆಯಾದ್ದರಿಂದ ಉತ್ತರದ ಚಿಹ್ನೆ ಬೇರೆ. ಪ್ರಶ್ನೆ ಯಾವುದೆಂದು ತಿಳಿಯದೆ ಚಿಹ್ನೆಯನ್ನು ಮಾತ್ರ ಎತ್ತಿಕೊಂಡರೆ ಎಡವಟ್ಟಾಗುತ್ತದೆ.

ಎಲ್ಲರೂ ಕೂತು ಒಂದೇ ಪದ್ಧತಿಯನ್ನು ಒಪ್ಪಿಕೊಳ್ಳಬಹುದಿತ್ತಲ್ಲ ಎಂದು ಓದುಗರಿಗೆ ಅನ್ನಿಸಬಹುದು. ಕೂತಿದ್ದರು. 1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ಗ್ರೀನ್‌ವಿಚ್ ರೇಖೆಯನ್ನು ಜಗತ್ತಿನ ಮೂಲ ರೇಖೆಯೆಂದು ಆರಿಸಿದರು. ಅದೇ ಸಭೆಯಲ್ಲಿ, ಅಲ್ಲಿಂದ ಪೂರ್ವಕ್ಕೆ ಹೋಗುವ ರೇಖಾಂಶವನ್ನು ಪ್ಲಸ್ ಎಂದೂ ಪಶ್ಚಿಮಕ್ಕೆ ಹೋಗುವುದನ್ನು ಮೈನಸ್ ಎಂದೂ ಎಣಿಸಬೇಕೆಂದು ಗೊತ್ತುವಳಿಯಾಯಿತು. ನಾವು ಪೂರ್ವದವರು. ಆದ್ದರಿಂದ ನಮ್ಮದು ಪ್ಲಸ್.

ಆದರೆ ಈ ಗೊತ್ತುವಳಿ ಎಲ್ಲರನ್ನೂ ಕಟ್ಟಿಹಾಕಲಿಲ್ಲ. ಹಡಗಿನ ನಾವಿಕರು ಹಡಗಿನ ಗಡಿಯಾರ ನೋಡಿ ಗ್ರೀನ್‌ವಿಚ್ ಸಮಯವನ್ನು ತೆಗೆಯಬೇಕಾದವರು. ಅವರ ಪ್ರಶ್ನೆ ಎರಡನೆಯದು. ಹಾಗಾಗಿ ಅವರ ಲೆಕ್ಕದ ಪುಸ್ತಕಗಳಲ್ಲಿ ಪೂರ್ವದ ವಲಯಗಳಿಗೆ ಮೈನಸ್, ಪಶ್ಚಿಮದ ವಲಯಗಳಿಗೆ ಪ್ಲಸ್. ಖಗೋಳ ಲೆಕ್ಕಗಳಲ್ಲಿ ಹೆಸರಾದ ಬೆಲ್ಜಿಯಂನ ಜಾನ್ ಮೀಯಸ್ ಕೂಡ ತಮ್ಮ ಗ್ರಂಥದಲ್ಲಿ ಪಶ್ಚಿಮ ರೇಖಾಂಶವನ್ನೇ ಪ್ಲಸ್ ಎಂದು ಎಣಿಸಿದ್ದಾರೆ. ನಮಾಝಿನ ಸಮಯ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವವರು ಈ ಹೆಸರನ್ನು ನೆನಪಿಡುವುದು ಒಳ್ಳೆಯದು, ಏಕೆಂದರೆ ಸೂರ್ಯನ ಲೆಕ್ಕಕ್ಕೆ ಅವರ ಸೂತ್ರಗಳನ್ನು ಹಿಡಿಯುವವರು ಬಹಳ.

ನಮ್ಮ ಇಂದಿನ ತೊಂದರೆಯ ಮುಖ್ಯ ಬೇರು ಮಾತ್ರ ಅಮೆರಿಕದ ಯೂನಿಕ್ಸ್‌ನಲ್ಲಿದೆ. ಇಂದಿನ ಹೆಚ್ಚಿನ ಸರ್ವರ್‌ಗಳಿಗೂ ಮೊಬೈಲ್‌ಗಳಿಗೂ ಪೂರ್ವಜನೆನ್ನಬಹುದಾದ ಯೂನಿಕ್ಸ್ ಹುಟ್ಟಿದ್ದು ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ. ಅಮೆರಿಕವೆಲ್ಲ ಗ್ರೀನ್‌ವಿಚ್‌ನ ಪಶ್ಚಿಮಕ್ಕಿದೆ. ಅಲ್ಲಿಯ ನಾಲ್ಕು ದೊಡ್ಡ ವಲಯಗಳು 5, 6, 7, 8 ಗಂಟೆ ಹಿಂದೆ. ಆ ನಾಡಿನವರಿಗೆ ಪ್ರತಿಸಲ ಮೈನಸ್ ಬರೆಯುವ ಬದಲು ಬರೇ 5 ಎಂದು ಬರೆದರೆ ಸಾಕಾಗುತ್ತಿತ್ತು. ಇಎಸ್‌ಟಿ ಎಂಬ ಹೆಸರಿನ ಮುಂದೆ ಒಂದು 5, ಅಷ್ಟೆ. ಬರೇ 5 ಎಂದರೆ ಪ್ಲಸ್ 5 ಎಂದೇ ಅರ್ಥವಾದ್ದರಿಂದ ಪಶ್ಚಿಮ ಪ್ಲಸ್ ಆಯಿತು, ಪೂರ್ವ ಮೈನಸ್ ಆಯಿತು. 1988ರಲ್ಲಿ ಬಂದ ಪಾಸಿಕ್ಸ್ ಎಂಬ ಮಾನಕ ಇದನ್ನೇ ನಿಯಮ ಮಾಡಿತು: ಸ್ಥಳೀಯ ಸಮಯಕ್ಕೆ ಎಷ್ಟು ಕೂಡಿಸಿದರೆ ಯುಟಿಸಿ ಸಿಗುತ್ತದೋ ಅದೇ ಚಿಹ್ನೆ. ಸ್ವಾರಸ್ಯವೆಂದರೆ, ಅದೇ 1988ರಲ್ಲಿ ಐಎಸ್‌ಒ 8601 ಎಂಬ ಇನ್ನೊಂದು ಮಾನಕವೂ ಬಂತು. ದಿನಾಂಕ, ಸಮಯ ಬರೆಯುವ ರೀತಿಗೆ ಅಂತಾರಾಷ್ಟ್ರೀಯ ನಿಯಮ ಅದು. ಅದು 1884ರ ದಾರಿಯನ್ನೇ ಹಿಡಿದು ಪೂರ್ವಕ್ಕೆ ಪ್ಲಸ್ ಎಂದಿತು. ಹೀಗೆ ಒಂದೇ ವರ್ಷ ಎರಡು ಮಾನಕಗಳು, ಎರಡು ವಿರುದ್ಧ ಚಿಹ್ನೆಗಳು. ಎರಡೂ ಇಂದಿಗೂ ಜೀವಂತ, ಕೆಲವೊಮ್ಮೆ ಒಂದೇ ಸಾಫ್ಟ್‌ವೇರಿನೊಳಗೆ.

ಇದು ಎಳಸು ಹುಡುಗರು ಮಾತ್ರ ಎಡವುವ ಜಾಗವೆಂದು ತಿಳಿಯಬೇಡಿ. 1982ರಲ್ಲಿ ಇಮೇಲ್ ಹೇಗಿರಬೇಕೆಂದು ವಿಧಿಸಿದ ಆರ್‌ಎಫ್‌ಸಿ 822 ಎಂಬ ದಾಖಲೆಯಲ್ಲಿ, ಸೇನೆಯವರು ಕಾಲವಲಯಕ್ಕೆ ಬಳಸುವ ಒಂದಕ್ಷರದ ಹೆಸರುಗಳ ಪಟ್ಟಿ ಕೊಡಲಾಗಿತ್ತು. ಆ ಪಟ್ಟಿಯಲ್ಲಿ ಪ್ಲಸ್ ಮೈನಸ್‌ಗಳು ಪೂರ್ತಿ ತಲೆಕೆಳಗಾಗಿದ್ದವು. 1989ರಲ್ಲಿ ಬಂದ ಆರ್‌ಎಫ್‌ಸಿ 1123 ತಪ್ಪನ್ನು ಒಪ್ಪಿಕೊಂಡು, ಚಿಹ್ನೆಗಳು ಹಿಂದುಮುಂದಾಗಿರುವುದರಿಂದ ಇಮೇಲ್‌ನಲ್ಲಿ ಬರುವ ಈ ಅಕ್ಷರಗಳಿಂದ ಯಾವ ಮಾಹಿತಿಯೂ ದೊರೆಯದು ಎಂದು ಹೇಳಬೇಕಾಯಿತು. ಸರಿಪಡಿಸಿದರಾಗದೇ? ಆಗಲಿಲ್ಲ. ಏಳು ವರ್ಷಗಳಲ್ಲಿ ಕೆಲವರು ತಪ್ಪು ಪಟ್ಟಿಯನ್ನು ನಂಬಿ, ಕೆಲವರು ಸರಿಯಾದ ಅರ್ಥವನ್ನು ನಂಬಿ ಬರೆದಿರಬಹುದು. ಬಂದ ಪತ್ರ ಯಾವ ಗುಂಪಿನದೆಂದು ಹೇಳುವ ಗುರುತು ಪತ್ರದಲ್ಲಿ ಇಲ್ಲ. ಈ ಸಂಗತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಈಗ ಡೇಟಾಬೇಸ್‌ಗೆ ಬರೋಣ. ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್ ಎಂಬ ಎರಡು ಉಚಿತ ಡೇಟಾಬೇಸ್‌ಗಳು ಹೆಚ್ಚು ಬಳಕೆಯಲ್ಲಿವೆ. ಮೈಎಸ್‌ಕ್ಯೂಎಲ್‌ನಲ್ಲಿ ಸಮಯ ಪರಿವರ್ತನೆಗೆ ಕನ್ವರ್ಟ್ ಟಿಝಡ್ ಎಂಬ ಆಜ್ಞೆಯಿದೆ. ಯಾವ ವಲಯದಿಂದ, ಯಾವ ವಲಯಕ್ಕೆ ಎಂದು ಎರಡನ್ನೂ ಕ್ರಮವಾಗಿ ಹೇಳಬೇಕು. ಯುಟಿಸಿಯ 7:00 ಗಂಟೆಯನ್ನು +00:00ದಿಂದ +05:30ಕ್ಕೆ ಬದಲಿಸಿ ಎಂದರೆ 12:30 ಎಂದು ಕೊಡುತ್ತದೆ. ಸರಿಯಾದ ಉತ್ತರ. ಇಲ್ಲಿ ಪೂರ್ವ ಪ್ಲಸ್.

ಪೋಸ್ಟ್‌ಗ್ರೆಸ್‌ನಲ್ಲಿ ಅದೇ ಕ್ಷಣವನ್ನು ಕೊಟ್ಟು 'ಅಟ್ ಟೈಮ್ ಝೋನ್' ಎಂಬ ಆಜ್ಞೆಯ ಮುಂದೆ ಉದ್ಧರಣ ಚಿಹ್ನೆಯೊಳಗೆ ಅದೇ +05:30 ಬರೆದರೆ ಬರುವ ಉತ್ತರ 1:30. ಮಧ್ಯಾಹ್ನದ ಒಂದೂವರೆಯಲ್ಲ, ನಡುರಾತ್ರಿ ಕಳೆದ ಒಂದೂವರೆ! ಏಕೆಂದರೆ ಆ ಜಾಗದಲ್ಲಿ ಬರುವ ಅಂಕಿಯನ್ನು ಪೋಸ್ಟ್‌ಗ್ರೆಸ್ ಪಾಸಿಕ್ಸ್ ರೀತಿಯಲ್ಲಿ ಓದುತ್ತದೆ. ಅದಕ್ಕೆ +05:30 ಎಂದರೆ ಗ್ರೀನ್‌ವಿಚ್‌ನಿಂದ ಐದೂವರೆ ಗಂಟೆ ಪಶ್ಚಿಮ. ಆದರೆ ಅದೇ ಪೋಸ್ಟ್‌ಗ್ರೆಸ್‌ನಲ್ಲಿ ಸಮಯದ ಬಾಲಕ್ಕೆ ಅಂಟಿಸಿ 12:30+05:30 ಎಂದು ಬರೆದರೆ ಅದನ್ನು ಐಎಸ್‌ಒ ರೀತಿಯಲ್ಲಿ, ಪೂರ್ವವೆಂದೇ ಓದುತ್ತದೆ. ಒಂದೇ ಬರಹ, ಒಂದೇ ಡೇಟಾಬೇಸ್, ಜಾಗ ಬದಲಾದರೆ ಅರ್ಥ ತಿರುವುಮುರುವು. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ, ಆದರೆ ಕೈಪಿಡಿ ಓದಿ ಕೆಲಸ ಶುರುಮಾಡುವವರು ಎಷ್ಟು ಮಂದಿ? ಮೈಎಸ್‌ಕ್ಯೂಎಲ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಕೆಲಸವನ್ನು ಪೋಸ್ಟ್‌ಗ್ರೆಸ್‌ಗೆ ಸಾಗಿಸುವಾಗ ಅದೇ +05:30ನ್ನು ಹಾಗೆಯೇ ನಕಲು ಮಾಡಿದರೆ ಮುಗಿಯಿತು.

ಇನ್ನೊಂದು ಸೂಕ್ಷ್ಮವಿದೆ. 'ಅಟ್ ಟೈಮ್ ಝೋನ್' ಎಂಬ ಆಜ್ಞೆ ಎರಡು ಕೆಲಸ ಮಾಡುತ್ತದೆ. ವಲಯ ಗೊತ್ತಿರುವ ಸಮಯವನ್ನು ಕೊಟ್ಟರೆ, ಆ ಊರಿನ ಗಡಿಯಾರದಲ್ಲಿ ಎಷ್ಟು ಗಂಟೆ ಎಂದು ಹೇಳುತ್ತದೆ. ವಲಯ ಗೊತ್ತಿಲ್ಲದ ಬರೇ ಸಮಯವನ್ನು ಕೊಟ್ಟರೆ, ಅದು ಆ ಊರಿನ ಗಡಿಯಾರದ ಸಮಯವೆಂದು ತಿಳಿದು ಯುಟಿಸಿಗೆ ತಿರುಗಿಸುತ್ತದೆ. ಅಂದರೆ ಒಂದು ಕಡೆ ಕೂಡಿಸುತ್ತದೆ, ಇನ್ನೊಂದು ಕಡೆ ಕಳೆಯುತ್ತದೆ. ಚಿಹ್ನೆಯನ್ನು ತಪ್ಪದೆ ಬರೆದವರೂ ಕಾಲಂನ ಬಗೆಯನ್ನು ನೋಡದಿದ್ದರೆ ಇಲ್ಲಿ ಜಾರುತ್ತಾರೆ.

ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನ ಕಥೆಯೂ ಇದೇ. ಭಾರತದಲ್ಲಿರುವ ಫೋನನ್ನು "ನಿನ್ನ ಸಮಯದ ಅಂತರವೆಷ್ಟು?" ಎಂದು ಕೇಳಿದರೆ ಅದು -330 ನಿಮಿಷ ಎಂದು ಹೇಳುತ್ತದೆ. ಐದೂವರೆ ಗಂಟೆ ಎಂದರೆ 330 ನಿಮಿಷ, ಅದು ಸರಿ. ಮೈನಸ್ ಏಕೆ? ಅದು ಉತ್ತರಿಸುವುದು ಎರಡನೆಯ ಪ್ರಶ್ನೆಗೆ: ನಮ್ಮ ಸಮಯದಿಂದ ಯುಟಿಸಿಗೆ ಹೋಗಲು ಏನು ಕೂಡಿಸಬೇಕು? ಆ -330ನ್ನು ಡೇಟಾಬೇಸ್‌ನಲ್ಲಿ ಹಾಗೆಯೇ ಇಟ್ಟು, ಮುಂದೆ ಬಂದವರು ಅದನ್ನು -5:30 ಎಂದು ಓದಿದರೆ, ಮಂಗಳೂರಿನ ಸದಸ್ಯರೆಲ್ಲ ಅಮೆರಿಕದ ಕಡೆಯವರಾಗುತ್ತಾರೆ.

ಸರ್ವರ್ ಸಿದ್ಧಪಡಿಸುವಾಗ ಬರುವ ಕಾಲವಲಯಗಳ ಪಟ್ಟಿಯಲ್ಲಿ 'ಇಟಿಸಿ/ಜಿಎಂಟಿ+3' ಎಂಬಂಥ ಹೆಸರುಗಳಿರುತ್ತವೆ. ರಿಯಾದ್‌ಗೆ ಮೂರು ಗಂಟೆ ಮುಂದೆ ಬೇಕು, ಪ್ಲಸ್ 3 ಎಂದಿದೆ, ಇದೇ ಇರಬೇಕು ಎಂದು ಆರಿಸುವುದು ಸಹಜ. ಅದು ತಪ್ಪು. ಈ ಹೆಸರುಗಳು ಪಾಸಿಕ್ಸ್ ಚಿಹ್ನೆಯವು. ಪ್ಲಸ್ 3 ಎಂದರೆ ಮೂರು ಗಂಟೆ ಹಿಂದೆ, ಬ್ರೆಜಿಲ್‌ನ ಕಡೆ. ಸೌದಿಗೆ ಸರಿಹೋಗುವುದು ಮೈನಸ್ 3. ಭಾರತಕ್ಕೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ, ಏಕೆಂದರೆ ಇದರಲ್ಲಿ ಅರ್ಧ ಗಂಟೆಗಳಿಲ್ಲ. ಒಂದು ಲೆಕ್ಕದಲ್ಲಿ ನಮ್ಮ ಅರ್ಧ ಗಂಟೆ ನಮ್ಮನ್ನು ಕಾಪಾಡಿತು ಎನ್ನಬೇಕು. 'ಏಷ್ಯಾ/ಕೋಲ್ಕತಾ' ಎಂಬ ಊರಿನ ಹೆಸರನ್ನೇ ಆರಿಸದೆ ನಮಗೆ ಬೇರೆ ದಾರಿಯಿಲ್ಲ.

ತಪ್ಪಾಗಿದೆ ಎಂದು ಗುರುತಿಸುವುದು ಹೇಗೆ? ಇದಕ್ಕೆ ಒಂದು ಸುಲಭ ಉಪಾಯವಿದೆ. ಚಿಹ್ನೆ ತಿರುಗಿದರೆ ಆಗುವ ತಪ್ಪು ಐದೂವರೆ ಗಂಟೆಯಲ್ಲ, ಅದರ ಎರಡರಷ್ಟು. ಮುಂದೆ ಐದೂವರೆ ಹೋಗಬೇಕಾದವನು ಹಿಂದೆ ಐದೂವರೆ ಹೋದರೆ ನಡುವಿನ ಅಂತರ 11 ಗಂಟೆ. ಆದ್ದರಿಂದ ಬೋರ್ಡ್‌ನಲ್ಲಿ ಅಥವಾ ಪಟ್ಟಿಯಲ್ಲಿ 11 ಗಂಟೆಯ ವ್ಯತ್ಯಾಸ ಕಂಡರೆ ಚಿಹ್ನೆಯನ್ನು ಸಂಶಯಿಸಿ. ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಚಿಹ್ನೆಯದು ತಪ್ಪಲ್ಲ. ಪರಿವರ್ತನೆ ಮಾಡುವುದನ್ನೇ ಮರೆತಿದ್ದಾರೆ, ಅಥವಾ ಎರಡು ಸಲ ಮಾಡಿದ್ದಾರೆ. ಸೌದಿಯ ದಾಖಲೆಗಳಲ್ಲಿ ಚಿಹ್ನೆಯ ತಪ್ಪು 6 ಗಂಟೆಯಾಗಿ, ಯುಎಇಯಲ್ಲಿ 8 ಗಂಟೆಯಾಗಿ ಕಾಣುತ್ತದೆ. ಚಳಿಗಾಲದ ಲಂಡನ್‌ನಲ್ಲಿ ಕೂತು ಪರೀಕ್ಷಿಸಿದರೆ ಏನೂ ಕಾಣುವುದಿಲ್ಲ. ಸೊನ್ನೆಗೆ ಪ್ಲಸ್ ಇಟ್ಟರೂ ಮೈನಸ್ ಇಟ್ಟರೂ ಸೊನ್ನೆಯೇ.

ನಮಾಝಿನ ಸಮಯದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದು. ಮಂಗಳೂರು 74.85 ಡಿಗ್ರಿಯಲ್ಲಿದೆ. ನಡುವೆ 7.65 ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು ಮೂವತ್ತೂವರೆ ನಿಮಿಷ. ಅಂದರೆ ಮಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:30ರ ಹೊತ್ತಿಗೆ, ಋತುವಿಗೆ ತಕ್ಕಂತೆ ಹದಿನೈದು ನಿಮಿಷದಷ್ಟು ಆಚೀಚೆ. ಬೆಂಗಳೂರು 77.6 ಡಿಗ್ರಿಯಲ್ಲಿರುವುದರಿಂದ ಅಲ್ಲಿ 12:20ರ ಹೊತ್ತಿಗೆ. ಝುಹರ್ ಆ ಬಳಿಕ. ಚಿಹ್ನೆ ತಿರುಗಿದರೆ ಮಂಗಳೂರಿನ ಝುಹರ್ ರಾತ್ರಿ 1:30ಕ್ಕೆ ಬರುತ್ತದೆ. ಕಾಲವಲಯ ಸರಿಯಿದ್ದು ರೇಖಾಂಶದ ಚಿಹ್ನೆ ತಿರುಗಿದ್ದರೆ ತಪ್ಪು ಹತ್ತು ಗಂಟೆಗೆ ಒಂದು ನಿಮಿಷದಷ್ಟು ಕಡಿಮೆ ಬರುತ್ತದೆ. ಎರಡನ್ನೂ ಯಾವ ಮುಅಝ್ಝಿನ್ ಸಾಹೇಬರಾದರೂ ನೋಡಿದ ಕೂಡಲೇ ನಕ್ಕು ಫೋನ್ ಮಾಡುತ್ತಾರೆ. ಇಷ್ಟು ದೊಡ್ಡ ತಪ್ಪಿನಿಂದ ಅಪಾಯವಿಲ್ಲ.

ಅಪಾಯ ಸಣ್ಣ ತಪ್ಪಿನಲ್ಲಿದೆ. ನಾವು ಕನ್ನಡಿಗರು ಐದು ಗಂಟೆ ಮೂವತ್ತು ನಿಮಿಷವನ್ನು 5.30 ಎಂದು ಚುಕ್ಕೆಯಿಟ್ಟು ಬರೆಯುವುದು ವಾಡಿಕೆ. (ಈ ಲೇಖನದಲ್ಲಿ ಎರಡು ಚುಕ್ಕೆ ಇಟ್ಟಿರುವುದು ಅದಕ್ಕಾಗಿಯೇ.) ಕಂಪ್ಯೂಟರಿಗೆ 5.30 ಎಂದರೆ ದಶಮಾಂಶ, ಐದು ಗಂಟೆ ಮತ್ತು ಗಂಟೆಯ ಹತ್ತರಲ್ಲಿ ಮೂರು ಭಾಗ, ಅಂದರೆ 5 ಗಂಟೆ 18 ನಿಮಿಷ. ಅಲ್ಲಿ ಬರೆಯಬೇಕಾದದ್ದು 5.5. ಈ ಎಡವಟ್ಟಿನಿಂದ ಎಲ್ಲ ಸಮಯಗಳೂ 12 ನಿಮಿಷ ಮುಂಚೆ ಬರುತ್ತವೆ. ಸಹರಿ 12 ನಿಮಿಷ ಮೊದಲೇ ಮುಗಿದರೆ ಉಪವಾಸಕ್ಕೆ ತೊಂದರೆಯಿಲ್ಲ. ಆದರೆ ಸಂಜೆ? ಸೂರ್ಯ 6:40ಕ್ಕೆ ಮುಳುಗುವ ದಿನ ಬೋರ್ಡ್ 6:28ಕ್ಕೆ ಮಗ್ರಿಬ್ ಎಂದು ತೋರಿಸುತ್ತದೆ. ಮೋಡ ಕವಿದ ಸಂಜೆ, ಕೈಯಲ್ಲಿ ಖರ್ಜೂರ ಹಿಡಿದು ಕೂತ ಮೊಹಲ್ಲಾದವರಿಗೆ ಅದು ಗೊತ್ತಾಗುವ ಬಗೆಯೇ ಇಲ್ಲ. 12 ನಿಮಿಷದ ವ್ಯತ್ಯಾಸವನ್ನು ನೋಡಿ ಯಾರೂ ನಗುವುದಿಲ್ಲ. ಬೇರೆ ಲೆಕ್ಕದ ವಿಧಾನ ಇರಬೇಕು ಎಂದು ಸುಮ್ಮನಾಗುತ್ತಾರೆ. ಹೊಸ ಬೋರ್ಡ್ ಹಾಕಿದಾಗ ಮೋಡವಿಲ್ಲದ ಒಂದು ಸಂಜೆ ಸಮುದ್ರತೀರದಲ್ಲೋ ಬಯಲಿನಲ್ಲೋ ನಿಂತು ಕಣ್ಣಾರೆ ಸೂರ್ಯಾಸ್ತವನ್ನು ನೋಡಿ ತಾಳೆ ಹಾಕುವುದೇ ಇದಕ್ಕೆ ಪರೀಕ್ಷೆ.

ಬೋರ್ಡ್‌ಗಿಂತಲೂ ದೀರ್ಘ ಕಾಲ ಕಾಡುವುದು ದಾಖಲೆಗಳಲ್ಲಿನ ದಿನಾಂಕ. ಭಾರತದ ಡೇಟಾಬೇಸ್‌ಗಳನ್ನು ತೆರೆದು ನೋಡಿದವರಿಗೆ 18:30 ಎಂಬ ಸಮಯ ಪದೇ ಪದೇ ಎದುರಾಗುತ್ತದೆ. ಎಲ್ಲ ಮಕ್ಕಳೂ ಸಂಜೆ ಆರೂವರೆಗೇ ಹುಟ್ಟಿದರೇ? ಇಲ್ಲ. ಮಗು ಹುಟ್ಟಿದ್ದು ಮೇ 12 ಎಂದು ಬರೆದಾಗ ಕಂಪ್ಯೂಟರ್ ಅದನ್ನು ಮೇ 12ರ ನಡುರಾತ್ರಿ ಸೊನ್ನೆ ಗಂಟೆ ಎಂದುಕೊಳ್ಳುತ್ತದೆ, ಅದರಿಂದ ಐದೂವರೆ ಗಂಟೆ ಕಳೆದು ಯುಟಿಸಿಯಲ್ಲಿ ಮೇ 11ರ 18:30 ಎಂದು ಇಡುತ್ತದೆ. ಮರಳಿ ಓದುವಾಗ ಐದೂವರೆ ಕೂಡಿಸಿದರೆ ಮೇ 12. ಕೂಡಿಸಲು ಮರೆತು ದಿನಾಂಕವನ್ನಷ್ಟೇ ಮುದ್ರಿಸಿದರೆ ಮೇ 11. ಮದ್ರಸದ ಪ್ರಮಾಣಪತ್ರದಲ್ಲಿ ಮೇ 11, ಆಸ್ಪತ್ರೆಯ ಜನನ ಪತ್ರದಲ್ಲಿ ಮೇ 12. ಮುಂದೆ ಪಾಸ್‌ಪೋರ್ಟ್, ವೀಸಾ, ನೌಕರಿ ಎಂದು ಓಡಾಡುವಾಗ ಈ ಒಂದು ದಿನದ ವ್ಯತ್ಯಾಸಕ್ಕೆ ಅಫಿಡವಿಟ್ ಮಾಡಿಸುವ ಕಷ್ಟ ನಮ್ಮ ಮನೆಗಳಿಗೆ ಹೊಸದೇನಲ್ಲ.

ಇಲ್ಲಿ ಚಿಹ್ನೆ ತಿರುಗಿದರೆ ವಿಚಿತ್ರವೊಂದು ನಡೆಯುತ್ತದೆ. ಕಳೆಯುವ ಬದಲು ಕೂಡಿಸಿದರೆ ಮೇ 12ರ ಸೊನ್ನೆ ಗಂಟೆ ಮೇ 12ರ 5:30 ಆಗುತ್ತದೆ. ದಿನಾಂಕ ಬದಲಾಗಲೇ ಇಲ್ಲ! ಪರೀಕ್ಷಿಸಿದವರು ಎಲ್ಲ ಸರಿಯಿದೆ ಎಂದು ಸಹಿ ಹಾಕುತ್ತಾರೆ. ಬೆಳಗ್ಗೆಯ, ಮಧ್ಯಾಹ್ನದ ದಾಖಲೆಗಳೆಲ್ಲ ಸರಿಯಾದ ದಿನಾಂಕವನ್ನೇ ತೋರಿಸುತ್ತವೆ. ಸಂಜೆ ಆರೂವರೆ ದಾಟಿದ ದಾಖಲೆಗಳು ಮಾತ್ರ, ಐದೂವರೆ ಕೂಡಿದಾಗ ನಡುರಾತ್ರಿಯ ಗೆರೆ ದಾಟಿ, ಮರುದಿನಕ್ಕೆ ಬೀಳುತ್ತವೆ. ಇಶಾದ ಬಳಿಕ ರಾತ್ರಿ ಎಂಟೂವರೆಗೆ ನಡೆದ ನಿಕಾಹ್ ಮರುದಿನದ್ದಾಗುತ್ತದೆ. ನಮ್ಮಲ್ಲಿ ಇದು ಇನ್ನಷ್ಟು ಮರೆಯಾಗುವ ಸಂಭವವಿದೆ. ಹಿಜರಿ ಲೆಕ್ಕದಲ್ಲಿ ಮಗ್ರಿಬ್‌ನಿಂದಲೇ ಹೊಸ ದಿನ ಶುರುವಾಗುವುದರಿಂದ, ಸಂಜೆ ಆರೂವರೆಯ ಬಳಿಕ ದಿನ ಬದಲಾಗಿರುವುದನ್ನು ನೋಡಿ "ಹುಡುಗ ಇಸ್ಲಾಮೀ ಲೆಕ್ಕದಂತೆಯೇ ಮಾಡಿದ್ದಾನೆ" ಎಂದು ಯಾರಾದರೂ ಮೆಚ್ಚಿಕೊಂಡಾರು. ಅದು ಕಾಕತಾಳೀಯ. ಇಂಗ್ಲಿಷ್ ದಿನಾಂಕವೇ ತಪ್ಪಾಗಿದೆ, ಮತ್ತು ನಿಕಾಹ್‌ನಾಮೆಯ ಕಾಗದದಲ್ಲಿ ಬೇರೆ ದಿನಾಂಕವಿದೆ.

ಮರಣದ ದಾಖಲೆಯಲ್ಲಿ ಇದು ಇನ್ನೂ ಗಂಭೀರ. ಜಿದ್ದಾದಲ್ಲಿ ರಾತ್ರಿ 11:45ಕ್ಕೆ ಒಬ್ಬರು ತೀರಿಕೊಂಡರೆ ಆಗ ಇಲ್ಲಿ ಮರುದಿನದ 2:15. ಮರಣ ಪತ್ರದಲ್ಲಿರುವುದು ಅಲ್ಲಿಯ ದಿನಾಂಕ, ಮನೆಯವರು ಸುದ್ದಿ ಕೇಳಿದ್ದು ಇಲ್ಲಿಯ ದಿನಾಂಕದಲ್ಲಿ. ವಿಮೆ, ಬಾಕಿ ಸಂಬಳ, ವಾರಸುದಾರಿಕೆಯ ಕಾಗದಗಳಿಗೆ ಒಂದೇ ದಿನಾಂಕ ಬೇಕು. ಇದ್ದತ್‌ನ ದಿನಗಳನ್ನು ಎಣಿಸಬೇಕಾದ ಹೆಣ್ಣುಮಗಳಿಗೂ ಆರಂಭ ಯಾವಾಗ ಎಂದು ಗೊತ್ತಾಗಬೇಕು. ಅದರ ಇತ್ಯರ್ಥ ಉಲಮಾಗಳದ್ದು, ಆದರೆ ಅವರ ಮುಂದೆ ಇಡುವ ಗಂಟೆ ಮತ್ತು ಊರು ಸರಿಯಾಗಿರಬೇಕು. ಡೇಟಾಬೇಸ್‌ನಲ್ಲಿ ಬರೇ ದಿನಾಂಕವಿದ್ದು, ಅದು ಯಾವ ಊರಿನ ಗಡಿಯಾರದ್ದೆಂದು ಬರೆಯದಿದ್ದರೆ, ಹತ್ತು ವರ್ಷದ ಬಳಿಕ ಯಾರಿಂದಲೂ ಹೇಳಲಾಗದು.

ಹಿರಿಯರ ವಿಷಯದಲ್ಲಿ ಇನ್ನೊಂದು ಗುಟ್ಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು, ಅಂದರೆ +6:30. 'ಏಷ್ಯಾ/ಕೋಲ್ಕತಾ' ಎಂಬ ಹೆಸರಿನಲ್ಲಿ ಈ ಇತಿಹಾಸವೂ ಅಡಕವಾಗಿದೆ. 1943ರಲ್ಲಿ ಹುಟ್ಟಿದವರ ದಿನಾಂಕವನ್ನು ಈ ಹೆಸರಿನ ಮೂಲಕ ಯುಟಿಸಿಗೆ ತಿರುಗಿಸಿ ಇಟ್ಟು, ಓದುವಾಗ ಬರೇ 5:30 ಕೂಡಿಸಿದರೆ ಹಿಂದಿನ ದಿನದ ರಾತ್ರಿ 11 ಗಂಟೆ ಬರುತ್ತದೆ. ಎಲ್ಲರ ಜನ್ಮದಿನವೂ ಸರಿಯಿದ್ದು ಎಂಬತ್ತು ದಾಟಿದ ಕೆಲವರದು ಮಾತ್ರ ಒಂದು ದಿನ ಹಿಂದೆ ಬಿದ್ದಿದ್ದರೆ ಕಾರಣ ಇದೇ ಇರಬಹುದು.

ಅಂತರ ಬದಲಾಗುತ್ತದೆ ಎಂಬುದಕ್ಕೆ ಮೊರಾಕ್ಕೊ ಇನ್ನೊಂದು ಉದಾಹರಣೆ. 2018ರ ಅಕ್ಟೋಬರಿನಲ್ಲಿ ಆ ದೇಶ ವರ್ಷವಿಡೀ +1 ಎಂದು ನಿರ್ಧರಿಸಿತು. ಆದರೆ ರಮಝಾನ್ ಬಂದಾಗ ಗಡಿಯಾರವನ್ನು ಒಂದು ಗಂಟೆ ಹಿಂದೆ ಸರಿಸಿ, ಗಡಿಯಾರದ ಲೆಕ್ಕದಲ್ಲಿ ಇಫ್ತಾರ್ ಬೇಗ ಆಗುವಂತೆ ಮಾಡುತ್ತಾರೆ. ತಿಂಗಳು ಮುಗಿದ ಮೇಲೆ ಮತ್ತೆ +1. ಬೇರೆ ದೇಶಗಳಲ್ಲಿ ಬೇಸಿಗೆಗೆ ಗಂಟೆ ಕೂಡಿಸುವುದು ರೂಢಿಯಾದರೆ, ಕಂಪ್ಯೂಟರುಗಳ ಕಾಲವಲಯದ ಪಟ್ಟಿಯಲ್ಲಿ ಮೊರಾಕ್ಕೊಗೆ ರಮಝಾನಿನಲ್ಲಿ ಗಂಟೆ ಕಳೆಯುವ ನಿಯಮ ಬರೆದಿದ್ದಾರೆ. ಹಿಜರಿ ತಿಂಗಳು ಪ್ರತಿವರ್ಷ ಹಿಂದಕ್ಕೆ ಸರಿಯುವುದರಿಂದ ಯಾವ ಒಂದು ಅಂಕಿಯನ್ನು ಬರೆದಿಟ್ಟರೂ ಅಲ್ಲಿ ಸಾಲದು, ಊರಿನ ಹೆಸರೇ ಬೇಕು.

ಹಾಗಾದರೆ ನಮ್ಮ ಜಮಾಅತಿನ ಕೆಲಸ ಮಾಡುವ ಮಕ್ಕಳಿಗೆ ಏನು ಹೇಳೋಣ? ನಮ್ಮ ಅಭಿಪ್ರಾಯದಲ್ಲಿ ಅಂಕಿಯ ಚಿಹ್ನೆಯನ್ನು ಬಾಯಿಪಾಠ ಮಾಡುವುದರಿಂದ ಪ್ರಯೋಜನವಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು, ಮೈಎಸ್‌ಕ್ಯೂಎಲ್‌ನಲ್ಲಿ ಒಂದು, ಬ್ರೌಸರ್‌ನಲ್ಲಿ ಮತ್ತೊಂದು ಎಂದು ನೆನಪಿಟ್ಟವರೂ ಆತುರದಲ್ಲಿ ಮರೆಯುತ್ತಾರೆ. ಆದ್ದರಿಂದ ಅಂಕಿಯ ಗೊಡವೆಯೇ ಬೇಡ. ನಡೆದ ಘಟನೆಯ ಕ್ಷಣವನ್ನು ಯುಟಿಸಿಯಲ್ಲಿ ಇಡಿ, ಪಕ್ಕದ ಕಾಲಂನಲ್ಲಿ ಊರಿನ ವಲಯದ ಹೆಸರಿಡಿ: ಏಷ್ಯಾ/ಕೋಲ್ಕತಾ, ಏಷ್ಯಾ/ರಿಯಾದ್, ಏಷ್ಯಾ/ದುಬೈ. ಹೆಸರಿಗೆ ಪ್ಲಸ್ ಮೈನಸ್ ಇಲ್ಲ. ಜನ್ಮದಿನದಂಥ, ಗಂಟೆಯಿಲ್ಲದ ದಿನಾಂಕವನ್ನು ಸಮಯದ ಕಾಲಂಗೆ ಹಾಕಲೇಬೇಡಿ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಬರೇ ದಿನಾಂಕಕ್ಕೆ ಬೇರೆ ಬಗೆಯಿದೆ, ಅದಕ್ಕೆ ಕಾಲವಲಯದ ಕಾಟವಿಲ್ಲ. ಅಂತರದ ಅಂಕಿಯನ್ನು ಇಡಲೇಬೇಕಾದ ಪ್ರಸಂಗ ಬಂದರೆ ಕಾಲಂನ ಹೆಸರಿನಲ್ಲಿಯೇ ಪೂರ್ತಿ ಮಾತನ್ನು ಬರೆಯಿರಿ, 'ಯುಟಿಸಿಗೆ ಕೂಡಿಸಬೇಕಾದ ನಿಮಿಷಗಳು' ಎಂದು. ಉದ್ದವಾಯಿತೆಂದು ಹಿಂಜರಿಯಬೇಡಿ. ಇನ್ನು, ವೆಬ್ ವಿಳಾಸದ ಮೂಲಕ +05:30 ಕಳಿಸುವವರು ನೆನಪಿಡಬೇಕು: ಅಲ್ಲಿ ಪ್ಲಸ್ ಚಿಹ್ನೆಯನ್ನು ಖಾಲಿ ಜಾಗವೆಂದು ಓದುವ ಪದ್ಧತಿಯಿದೆ, ಚಿಹ್ನೆ ದಾರಿಯಲ್ಲೇ ಬಿದ್ದುಹೋಗುತ್ತದೆ.

ಕೆಲಸ ಮಾಡಿಸುವ ಹಿರಿಯರು ಕಂಪ್ಯೂಟರ್ ಕಲಿಯಬೇಕಾಗಿಲ್ಲ. ಮೂರು ದಾಖಲೆಗಳನ್ನು ತೋರಿಸಲು ಹೇಳಿ: ಬೆಳಗ್ಗೆ ಮೂರು ಗಂಟೆಯದು, ಮಧ್ಯಾಹ್ನದ್ದು, ರಾತ್ರಿ ಒಂಬತ್ತರದ್ದು. ಮೂರರ ದಿನಾಂಕವನ್ನೂ ಗಂಟೆಯನ್ನೂ ಕಾಗದದ ರಿಜಿಸ್ಟರ್‌ನೊಂದಿಗೆ ತಾಳೆ ಹಾಕಿ. ಮಧ್ಯಾಹ್ನದ ಒಂದನ್ನೇ ನೋಡಿ ಒಪ್ಪಬೇಡಿ, ದಿನಾಂಕದ ತಪ್ಪು ಅಡಗುವುದು ರಾತ್ರಿಯ ಎರಡು ತುದಿಗಳಲ್ಲಿ.

ಈಗಾಗಲೇ ತಪ್ಪಾಗಿರುವ ದಾಖಲೆಗಳನ್ನು ಸರಿಪಡಿಸುವ ಮುನ್ನ ಇಮೇಲ್‌ನ ಆ ಹಳೆಯ ಪಟ್ಟಿಯನ್ನು ನೆನಪಿಸಿಕೊಳ್ಳಿ. 11 ಗಂಟೆಯ ತಪ್ಪಿದೆ ಎಂದು ಕಂಡ ಕೂಡಲೇ ಎಲ್ಲ ಸಾಲುಗಳಿಗೂ 11 ಗಂಟೆ ಕೂಡಿಸಿಬಿಡುವ ಆಜ್ಞೆ ಒಂದು ಗೆರೆಯದು, ಒಂದು ಕ್ಷಣದ್ದು. ಆದರೆ ಆ ಸಾಲುಗಳಲ್ಲಿ ಕೆಲವನ್ನು ಮೊದಲೇ ಯಾರೋ ಕೈಯಾರೆ ತಿದ್ದಿರಬಹುದು, ಕೆಲವು ಬೇರೆ ಫೋನ್‌ನಿಂದ ಸರಿಯಾಗಿಯೇ ಬಂದಿರಬಹುದು. ಆಜ್ಞೆಯನ್ನು ಮರೆತು ಎರಡು ಸಲ ಓಡಿಸಿದರಂತೂ ಬಿಡಿಸಲಾಗದ ಗಂಟು. ಮೊದಲು ಪೂರ್ತಿ ಪ್ರತಿ ತೆಗೆದಿಡಿ. ಹಳೆಯ ಕಾಲಂ ಹಾಗೆಯೇ ಇರಲಿ, ತಿದ್ದಿದ ಸಮಯಕ್ಕೆ ಹೊಸ ಕಾಲಂ ಮಾಡಿ, ತಿದ್ದಿದ್ದು ಯಾವ ದಿನ ಎಂಬುದನ್ನೂ ಬರೆದಿಡಿ. ಯಾವ ಸಾಲು ತಪ್ಪು, ಯಾವುದು ಸರಿ ಎಂದು ತಿಳಿಯಲು ಗಂಟೆ ಖಚಿತವಾಗಿ ಗೊತ್ತಿರುವ ಘಟನೆಗಳನ್ನು ಹುಡುಕಿ. ಜುಮಾದ ದಿನ ನಮಾಝಿನ ಬೆನ್ನಿಗೇ ಬರೆದಿಟ್ಟ ಸಂಗ್ರಹದ ಲೆಕ್ಕ ಇದಕ್ಕೆ ಬಹಳ ಅನುಕೂಲ. ಮಧ್ಯಾಹ್ನ ಒಂದೂವರೆಗೆ ಬರೆದ ಆ ಲೆಕ್ಕ ಡೇಟಾಬೇಸ್‌ನಲ್ಲಿ ನಸುಕಿನ ಎರಡೂವರೆಗೆ ಕೂತಿದ್ದರೆ, ಆ ಫೋನ್‌ನಿಂದ ಆ ವಾರ ಬಂದ ಉಳಿದ ಸಾಲುಗಳನ್ನೂ ಅದೇ ಸಂಶಯದಿಂದ ನೋಡಿ.